ಒಂದು ರಿಗೆ ಒಂದು ಮಿನಿಟು

ನಮ್ಮ ಮನೆಯ ಹಳೆಯ ಪುಸ್ತಕದ ಕಪಾಟಿಗೆ ಈ ಬೇಸಿಗೆಯಲ್ಲಿ ಪಾಲಿಶ್ ಮಾಡಿಸಿದೆವು. ಬಡಿಗ ಒಂದು ಬಾಟಲಿಯಲ್ಲಿ ಅರಗನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿಟ್ಟು, ಊಟಕ್ಕೆ ಹೋಗುವಾಗ ಮುಚ್ಚಳ ಹಾಕುವುದನ್ನು ಮರೆತ. ಅಡುಗೆಮನೆಯವರೆಗೂ ಹರಡಿದ ಆ ವಾಸನೆಯಲ್ಲಿ ಅರ್ಧ ದವಾಖಾನೆ ಇತ್ತು, ಅರ್ಧ ಮರಗೆಲಸದ ಅಂಗಡಿ. ಎರಡೂ ಹಾಗೆ ಬೆರೆತ ಗಾಳಿಯನ್ನು ನಾನು ಉಸಿರಾಡಿದ್ದು ಒಂದೇ ಒಂದು ಕೋಣೆಯಲ್ಲಿ. ಮಿರಜದ ಸಿತಾರ ಮಾಡುವವರ ಓಣಿಯಲ್ಲಿ, ಒಂದು ಕಾರಖಾನೆಯ ಮಾಳಿಗೆಯ ಮೇಲೆ. ಕೆಳಗೆ ಸೋರೆಬುರುಡೆಗಳಿಗೆ ಪಾಲಿಶ್ ಹಚ್ಚುತ್ತಿದ್ದರು. ಮೇಲೆ ಸಿಸ್ಟರ್ ಇರುತ್ತಿದ್ದರು.

ಸಿಸ್ಟರ್ ಎಂದರೆ ದವಾಖಾನೆಯ ಸಿಸ್ಟರ್, ನಿವೃತ್ತರಾಗಿ ಆಗಲೇ ಆರೇಳು ವರ್ಷ ಕಳೆದಿದ್ದ ನರ್ಸು. ನನಗೆ ಫ್ರೆಂಚ್ ಮಾತಾಡಲು ಕಲಿಸಿದವರು. ಅವರ ಹೆಸರನ್ನು ಬರೆಯುವುದಿಲ್ಲ. ಮಿರಜದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಈಗ ನಾನೊಬ್ಬ ಶುರುಮಾಡುವುದು ಸರಿ ಕಾಣುವುದಿಲ್ಲ. ಇಪ್ಪತ್ತು ವರ್ಷದ ಮೇಲಿನ ಮಾತು ಇದು. ನನಗೆ ನನ್ನ ನೆನಪಿನ ಮೇಲೆ ದೊಡ್ಡ ಭರವಸೆ ಇಲ್ಲ. ಅದರಲ್ಲೂ ನನ್ನನ್ನು ಚೆನ್ನಾಗಿ ತೋರಿಸುವ ನೆನಪು ಬಂದರೆ ನಾನು ಮೊದಲು ಪುರಾವೆಯ ಕಾಗದ ಕೇಳುತ್ತೇನೆ. ಆದರೂ ಸಿಸ್ಟರ್ ಬಗ್ಗೆ ಕೆಲವು ಸಂಗತಿಗಳನ್ನು ಖಾತ್ರಿಯಿಂದ ಹೇಳಬಲ್ಲೆ. ಎಲ್ಲಿ ಖಾತ್ರಿ ಇಲ್ಲವೋ ಅಲ್ಲಿ ಇಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ಸಾಂಗಲಿಯಲ್ಲಿ ಫ್ರೆಂಚ್ ಭಾಷೆ ಮತ್ತು ಸಂಸ್ಕೃತಿಯ ಪದವಿ ಓದುತ್ತಿದ್ದೆ, ಕೊನೆಯ ವರ್ಷ. ನಮ್ಮದು ಪೇಠೆಯಲ್ಲಿ ಅರಿಷಿಣದ ಅಡತಿ ವ್ಯಾಪಾರ ನಡೆಸುವ ಮನೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ದೇವರ ಮುಂದೆ ಎರಡೂ. ಫ್ರೆಂಚಿಗೆ ಎಲ್ಲಿಯೂ ಜಾಗ ಇರಲಿಲ್ಲ. ಅಪ್ಪ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇಂವಾ ನಮ್ಮ ಅರಿಷಿಣಾ ಪ್ಯಾರಿಸ್‌ದಾಗ ಮಾರಾಂವ ನೋಡ್ರಿ" ಎಂದು ನಗುತ್ತಿದ್ದರು. ನಗುವಿನ ಹಿಂದೆ ಕರಾರೂ ಇತ್ತು. ಈ ವರ್ಷ ಪದವಿ ಕೈಗೆ ಬಂದರೆ ಮುಂದೆ ಓದಬಹುದು, ಬರಲಿಲ್ಲವೆಂದರೆ ಬೇಸಿಗೆಯಿಂದಲೇ ಅಂಗಡಿಯ ಗಾದಿಯ ಮೇಲೆ ಕೂರಬೇಕು. ಎರಡನೆಯ ಸಲ ಪರೀಕ್ಷೆ ಎಂಬ ಮಾತೇ ಇಲ್ಲ.

ಆ ಪದವಿಗೆ ಏನೇನು ಬೇಕು ಎಂಬುದನ್ನು ವಿಶ್ವವಿದ್ಯಾಲಯ ನಾಲ್ಕು ಪುಟದಲ್ಲಿ ಅಚ್ಚುಹಾಕಿಸಿ ಕೊಟ್ಟಿತ್ತು. ವ್ಯಾಕರಣ, ಭಾಷಾಂತರ, ಸಾಹಿತ್ಯದ ಚರಿತ್ರೆ, ಸಂಸ್ಕೃತಿಯ ಎರಡು ಪತ್ರಿಕೆ, ಫ್ರೆಂಚಿನಲ್ಲೇ ಬರೆದ ಒಂದು ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಇವೆಲ್ಲ ಓದಿದರೆ ಆಗುವಂಥವು. ಓದಿದರೂ ಆಗದ ಕಲಮು ಒಂದಿತ್ತು. ಬಾಲ್ಯದಿಂದ ಫ್ರೆಂಚ್ ಮಾತಾಡುತ್ತ ಬಂದವರೊಬ್ಬರ ಜೊತೆ ಮೂವತ್ತು ತಾಸು ಸಂಭಾಷಣೆ ನಡೆಸಿ, ದಿನದಿನದ ಲೆಕ್ಕವನ್ನು ಒಂದು ವಹಿಯಲ್ಲಿ ಬರೆಸಿ, ಅವರ ಸಹಿ ತರಬೇಕು. ಸಹಿ ಇಲ್ಲದವರಿಗೆ ಮೌಖಿಕ ಪರೀಕ್ಷೆಯ ಬಾಗಿಲು ತೆರೆಯುತ್ತಿರಲಿಲ್ಲ. ನನ್ನ ಜೊತೆಯವರು ದಿವಾಳಿ ಸೂಟಿಯಲ್ಲಿ ಪುಣೆಗೆ ಹೋಗಿ ಅಲ್ಲಿ ಬಂದಿದ್ದ ಒಬ್ಬ ಫ್ರೆಂಚ್ ಅಧ್ಯಾಪಕರ ಹತ್ತಿರ ಮುಗಿಸಿಕೊಂಡು ಬಂದರು. ಅದೇ ಸೂಟಿಯಲ್ಲಿ ಸಲಗರೆಯ ನಮ್ಮ ಅಜ್ಜಿ ಹಿತ್ತಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮಿರಜದ ದವಾಖಾನೆಯಲ್ಲಿ ಹಗಲು ಅವಳ ಹತ್ತಿರ ಕೂರುವ ಪಾಳಿ ನನ್ನದಾಯಿತು. ಮೂವತ್ತು ತಾಸು ಅಲ್ಲಿಗೇ ಹೋಯಿತು ಎಂದುಕೊಂಡೆ.

ಸಿಸ್ಟರ್ ಸಿಕ್ಕಿದ್ದು ಅಲ್ಲಿಯೇ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಬಿಳಿ ಸೀರೆಯ, ಕಪ್ಪಗೆ ಸಣ್ಣಗೆ ಇದ್ದ ಒಬ್ಬ ಮುದುಕಿ ನಡೆದುಹೋಗುತ್ತಿದ್ದವರು ನಿಂತು, ನಾನು ಹೇಳಿದ್ದನ್ನೇ ಇನ್ನೊಂದು ರೀತಿ ಹೇಳಿದರು. ಪುಸ್ತಕದಲ್ಲಿದ್ದ ಶಬ್ದವೇ, ಆದರೆ ಮೊದಲ ಸಲ ಅದು ಯಾರದೋ ಬಾಯಿಂದ ಬಂದ ಮಾತಿನ ಹಾಗೆ ಕೇಳಿಸಿತು. ನಾನು ಎದ್ದು ನಿಂತೆ.

"ಎಲ್ಲಿ ಕಲ್ತೀರಿ ಬಾಯಿ?" ಎಂದು ಮರಾಠಿಯಲ್ಲಿ ಕೇಳಿದೆ.

"ಕನ್ನಡ ಮಾತಾಡೋ ತಮ್ಮಾ, ನಿನ್ನ ಅಜ್ಜಿ ಮಾತು ಕೇಳೇನಿ" ಎಂದರು. "ನಾ ಪಾಂಡಿಚೇರಿಯಾಕಿ. ಸಾಲ್ಯಾಗ ಫ್ರೆಂಚ್, ಅಪ್ಪನ ಸಂಗಟ ಫ್ರೆಂಚ್. ಅವ್ವನ ಸಂಗಟ ತಮಿಳು. ನಿನ್ನ ಸಂಗಟ ಯಾವುದು ಬೇಕು ಹೇಳು."

ಅವರ ಕನ್ನಡದ ಸಂಗತಿ ವಿಚಿತ್ರವಾಗಿತ್ತು. ಮೂವತ್ತು ವರ್ಷ ಅಥಣಿ, ರಾಯಬಾಗ, ಜಮಖಂಡಿ ಕಡೆಯ ಪೇಶಂಟುಗಳಿಂದ ಕಲಿತದ್ದು. ಹೀಗಾಗಿ ನೋವಿಗೆ ಸಂಬಂಧಪಟ್ಟ ಯಾವ ಶಬ್ದವೂ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಸೆಳಕು ಯಾವುದು, ಚುಚ್ಚುವುದು ಯಾವುದು, ಹೊಟ್ಟೆ ತೊಳಸುವುದು, ಕಣ್ಣಿಗೆ ಕತ್ತಲೆ ಬರುವುದು, ಎಲ್ಲದಕ್ಕೂ ಬೇರೆಬೇರೆ ಮಾತು ಇಟ್ಟುಕೊಂಡಿದ್ದರು. ಆದರೆ ಬದನೆಕಾಯಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ನಗುತ್ತಿದ್ದರು. "ಬದನಿಕಾಯಿ ನೂಸ್ತೈತಿ ಅಂತ ಯಾರೂ ಬಂದಿಲ್ಲೋ." ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಎರಡು ತಾಸು ವಾರ್ಡಿಗೆ ಬಂದು, ಗಡಿಯಾಚೆಯಿಂದ ಬಂದವರ ಮಾತನ್ನು ಹೊಸ ಡಾಕ್ಟರುಗಳಿಗೆ ತಿಳಿಸಿ ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ನಾನು ನಾಲ್ಕು ಪುಟದ ಅಚ್ಚುಕಾಗದ ತಂದು ತೋರಿಸಿದೆ. ಅವರು ಅದನ್ನು ಹಾಸಿಗೆಗೆ ತೂಗುಹಾಕಿದ ಪೇಶಂಟಿನ ತಖ್ತೆ ಓದುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ಬೆರಳು ಜಾರಿಸುತ್ತ ಓದಿದರು. ಮೂವತ್ತು ತಾಸಿನ ಕಲಮಿನ ಹತ್ತಿರ ಬೆರಳು ನಿಂತಿತು.

"ಇದನ್ನ ನಾ ಮಾಡಸ್ತೇನಿ. ಆದ್ರ ತಾಸು ಅಂದ್ರ ತಾಸು. ಐವತ್ತೊಂಬತ್ತು ಮಿನಿಟಿಗೆ ತಾಸು ಅನ್ನಾಕಿ ನಾ ಅಲ್ಲ."

ಕಾಲೇಜಿನಲ್ಲಿ ಈ ಸುದ್ದಿ ಹೇಳಿದಾಗ ನಮ್ಮ ವಿಭಾಗದ ಸರ್ ಮುಖ ಸಿಂಡರಿಸಿದರು. ಮಿರಜದ ನರ್ಸಿನ ಫ್ರೆಂಚ್ ಎಂಥದೋ ಏನೋ, ಸರ್ಟಿಫಿಕೇಟು ಇದ್ದರೆ ತರಲಿ ಎಂದರು. ಸರ್ಟಿಫಿಕೇಟು ಇರಲಿಲ್ಲ. ಸಿಸ್ಟರ್, "ನಾಲಿಗಿ ಐತಲ್ಲ, ಫೋನ್ ಮಾಡ್ಸು" ಎಂದರು. ಸಿತಾರ ಕಾರಖಾನೆಯ ಫೋನಿನಿಂದ ಸರ್ ಮನೆಗೆ ಹಚ್ಚಿದೆವು. ಕಾರಖಾನೆಯ ಚಾಚಾ ಕೈಯಲ್ಲಿದ್ದ ಅರಿವೆ ಬಿಟ್ಟು ಬಂದು ನಿಂತರು. ವರ್ಷಕ್ಕೆ ಒಬ್ಬಿಬ್ಬರು ಫ್ರೆಂಚ್ ಗಿರಾಕಿಗಳು ಬಂದಾಗ ಸಿಸ್ಟರನ್ನು ಕೆಳಗೆ ಕರೆದು ಮಾತಾಡಿಸುತ್ತಿದ್ದವರು ಅವರು, ಹೀಗಾಗಿ ಇದು ತಮ್ಮ ವ್ಯಾಪಾರವೇ ಎಂದು ತಿಳಿದಿದ್ದರು. ಆ ಕಡೆ ಸರ್ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಈ ಕಡೆ ಸಿಸ್ಟರ್ ಮಾತಾಡುತ್ತ ಮಾತಾಡುತ್ತ ಒಂದು ಕಡೆ ನಿಂತು, ಮೆಲ್ಲಗೆ ಒಂದೇ ಶಬ್ದವನ್ನು ಎರಡು ಸಲ ಹೇಳಿದರು. ನಾಲ್ಕೈದು ಮಿನಿಟಿಗೆ ಫೋನು ಮುಗಿಯಿತು.

"ಏನಂದ್ರು?" ಎಂದೆ.

"ನಿಮ್ಮ ಸರ್ ವ್ಯಾಕರಣದಾಗ ಸಮಸ್ಯಾಕ್ಕ ಹೆಣ್ಣು ಅಂದ್ರು. ಮರಾಠಿಯೊಳಗ ಹೆಣ್ಣು, ಫ್ರೆಂಚಿನ್ಯಾಗ ಸಮಸ್ಯಾ ಗಂಡು ಅಂತ ಹೇಳ್ದೆ, ಅಷ್ಟ."

ಚಾಚಾ ತಲೆ ಹಾಕಿದರು. "ಖರೇ ಹೇಳಿದ್ರಿ ಸಿಸ್ಟರ್. ನಮ್ಮ ಮನ್ಯಾಗೂ ಹಂಗ ಅಂತಾರ."

ಮರುದಿನ ಸರ್ ನನ್ನ ವಹಿಯ ಮೊದಲ ಪುಟಕ್ಕೆ ಮುದ್ರೆ ಒತ್ತಿ ಕೊಟ್ಟರು.

ಹೀಗೆ ಶುರುವಾಯಿತು. ಬೆಳಿಗ್ಗೆ ವಾರ್ಡಿನಲ್ಲಿ ಅಜ್ಜಿಯ ಹಾಸಿಗೆಯ ಪಕ್ಕ, ಸಂಜೆ ಅವರ ಮಾಳಿಗೆಯ ಕೋಣೆಯಲ್ಲಿ, ಅಜ್ಜಿ ಊರಿಗೆ ಹೋದ ಮೇಲೆ ಕಾಲೇಜಿನಿಂದ ಬಿಡುವು ಸಿಕ್ಕ ದಿನ ಮಾತ್ರ. ಪಠ್ಯಪುಸ್ತಕ ಮುಟ್ಟಲೇ ಇಲ್ಲ. ಅವರಿಗೆ ಗೊತ್ತಿದ್ದ ಸಂಭಾಷಣೆಯ ವಿಧಾನ ಒಂದೇ, ಪೇಶಂಟಿನ ಹಕೀಕತ್ತು ತೆಗೆಯುವುದು. ಏನಾಗುತ್ತದೆ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಸಾಂಗಲಿಯ ಪೇಠೆಯ ಬಗ್ಗೆ, ನಮ್ಮಪ್ಪನ ಬಗ್ಗೆ, ನನ್ನ ಪ್ರಬಂಧದ ಬಗ್ಗೆ, ಎಲ್ಲದರ ಬಗ್ಗೆಯೂ ಅವರು ಹಾಗೆಯೇ ಕೇಳುತ್ತಿದ್ದರು. ನಾನು ಫ್ರೆಂಚಿನಲ್ಲಿ ಉತ್ತರ ಕೊಡಬೇಕು. ಒಂದು ದಿನ ಪಕ್ಕದ ಹಾಸಿಗೆಯ ಹೆಣ್ಣುಮಗಳಿಗೆ ಎದೆ ನೋವು ಎಂಬುದನ್ನು ನಾನು ಶಬ್ದಕ್ಕೆ ಶಬ್ದ ಇಟ್ಟು ಫ್ರೆಂಚಿಗೆ ತಿರುಗಿಸಿದೆ. ಸಿಸ್ಟರ್ ಹಣೆ ಬಡಿದುಕೊಂಡರು. ಫ್ರೆಂಚರು ಹೃದಯ ನೋಯುತ್ತದೆ ಎಂದರೆ ವಾಂತಿ ಬಂದಂತಾಗುತ್ತದೆ ಎಂದು ಅರ್ಥವಂತೆ. "ಎದಿ ಹಿಡಕೊಂಡಾಕಿಗೆ ವಾಂತಿ ಔಷಧಾ ಕೊಡಸಾಂವ ನೀ. ಪದವಿ ಬ್ಯಾಡ ನಿನಗ, ಪೊಲೀಸ್ರು ಬೇಕು."

ಅಜ್ಜಿಗೆ ನಮ್ಮ ಮಾತು ದೊಡ್ಡ ಕರಮಣೂಕು, ಹೊತ್ತು ಕಳೆಯುವ ಮೋಜು. "ಇದ್ಯಾವ ಭಾಷಾನ ಬಾಯಾರ, ಇಬ್ರೂ ಮೂಗಿನ್ಯಾಗ ಮಾತಾಡ್ತೀರಿ, ನೆಗಡಿ ಬಂದಂಗ?" ಎಂದು ಕೇಳಿದಳು.

"ನೆಗಡಿ ಬಂದ್ರ ಇನ್ನೂ ಚಲೋ ಬರ್ತೈತ್ರಿ ಅಜ್ಜಿ" ಎಂದರು ಸಿಸ್ಟರ್. "ನಿಮ್ಮ ಮೊಮ್ಮಗನ ಮೂಗು ಭಾಳ ಸ್ವಚ್ಛ ಐತಿ, ಅದ ತ್ರಾಸು."

ಆದರೆ ನನ್ನ ನಿಜವಾದ ತ್ರಾಸು ಮೂಗಿನದಲ್ಲ, ರಿಯದು. ನಮ್ಮ ಕಡೆ ಹಿರಿಯರಿಗೆ ಒಂದು ರಿ ಹಚ್ಚದೆ ಮಾತು ಮುಗಿಸಿದರೆ ಬಾಯಿ ಅರ್ಧ ತೆರೆದೇ ಉಳಿದಂತೆ. ಹೌದ್ರಿ, ಇಲ್ರಿ, ಬರ್ರಿ, ಸಾಕ್ರಿ. ನಾನು ಫ್ರೆಂಚಿನಲ್ಲೂ ಅದನ್ನೇ ಮಾಡುತ್ತಿದ್ದೆ, ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆಯೇ. ವುಯಿ-ರಿ. ನೊಂ-ರಿ. ಮೆರ್ಸಿ-ರಿ. ಕಾಲೇಜಿನಲ್ಲಿ ಇದು ಯಾರಿಗೂ ಕೇಳಿಸಿರಲಿಲ್ಲ. ಯಾಕೆಂದರೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಬರೆಯುತ್ತಿದ್ದೆವು. ಎದುರಿಗೆ ಬಿಳಿ ಸೀರೆಯ ವಯಸ್ಸಾದ ಹೆಣ್ಣುಮಗಳು ಕೂತಿರುವಾಗ ರಿ ಇಲ್ಲದ ಹೌದು ನನ್ನ ಗಂಟಲಿನಿಂದ ಹೊರಡುತ್ತಿರಲಿಲ್ಲ.

"ತಮ್ಮಾ, ವೂ ಅಂದ್ರ ನೀವು. ಮರ್ಯಾದಿ ಅಲ್ಲೇ ಮುಗೀತು" ಎಂದು ಅವರು ಹತ್ತು ಸಲ ಹೇಳಿದರು. "ಮ್ಯಾಲೆ ರಿ ಹಚ್ಚಿದ್ರ ಫ್ರೆಂಚರಿಗೆ ಏನ್ ಕೇಳಸ್ತೈತಿ ಗೊತ್ತೈತೇನು? ಅನ್ನ. ಅವರ ಭಾಷಾದಾಗ ರೀ ಅಂದ್ರ ಅಕ್ಕಿ, ಅನ್ನ. ಹೌದು ಅನ್ನ, ಇಲ್ಲ ಅನ್ನ, ಉಪಕಾರ ಆತು ಅನ್ನ."

ನಾನು ನಕ್ಕೆ. ನಕ್ಕು, "ವುಯಿ-ರಿ" ಎಂದೆ.

ಆ ದಿನ ಅವರು ಕಾಯಿದೆ ಮಾಡಿದರು. ಒಂದು ರಿಗೆ ಒಂದು ಮಿನಿಟು ಕಡಿತ. ಸೀರೆಗೆ ಸಿಕ್ಕಿಸಿಕೊಳ್ಳುತ್ತಿದ್ದ ನರ್ಸಿನ ಗಡಿಯಾರ ನೋಡಿ, ದಿನದ ಕೊನೆಗೆ ವಹಿಯಲ್ಲಿ ಬರೆಯುತ್ತಿದ್ದರು. ಒಂದು ತಾಸು ನಲವತ್ತೊಂದು ಮಿನಿಟು. ಒಂದು ತಾಸು ನಲವತ್ತಾರು. ಪೂರ್ಣ ಎರಡು ತಾಸು ಬರೆದದ್ದು ನನಗೆ ನೆನಪಿಲ್ಲ. ಅವರೇ ಪೇಶಂಟುಗಳ ಜೊತೆ ಕನ್ನಡದಲ್ಲಿ ಮಾತಾಡುವಾಗ ಉಸಿರಿಗೊಂದು ರಿ ಹಚ್ಚುತ್ತಿದ್ದರು, ಹಾಸಿಗೆಯ ಮೇಲಿನ ಕೂಸಿಗೂ ಕೂಡ. ನಾನು ಇದನ್ನು ಎತ್ತಿ ತೋರಿಸಿದಾಗ, "ಅದು ಕನ್ನಡ. ಕನ್ನಡದಾಗ ತೆಗದ್ರ ಪೇಶಂಟ ಬಾಯಿ ಬಿಡಂಗಿಲ್ಲ" ಎಂದರು.

ಫೆಬ್ರುವರಿ ಇರಬೇಕು, ಅಥವಾ ಮಾರ್ಚಿನ ಮೊದಲ ವಾರ... ಮೌಖಿಕ ಪರೀಕ್ಷೆ ಮೂರು ವಾರ ಮುಂಚಿತವಾಗಿ ನಡೆಯುತ್ತದೆ ಎಂದು ವಿಶ್ವವಿದ್ಯಾಲಯದಿಂದ ಕಾಗದ ಬಂತು. ವಹಿಯನ್ನು ಮುಂದಿನ ಸೋಮವಾರದೊಳಗೆ ಕೊಡಬೇಕು. ಅಂದು ಗುರುವಾರ. ನನ್ನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ತಾಸು ಆಗಿತ್ತು. ಆರು ತಾಸು ಏನು ದೊಡ್ಡದು ಎಂದು ಮಿರಜಕ್ಕೆ ಓಡಿದೆ. ಹೋಗಿ ನೋಡಿದರೆ ಸಿಸ್ಟರ್ ಟ್ರಂಕಿನಲ್ಲಿ ಸೀರೆ ಇಡುತ್ತಿದ್ದರು. ಪಾಂಡಿಚೇರಿಯಲ್ಲಿ ಅವರ ತಮ್ಮನಿಗೆ ಲಕ್ವಾ ಹೊಡೆದಿತ್ತು. ಮರುದಿನ ಬೆಳಿಗ್ಗೆಯ ಗಾಡಿಗೆ ಹೊರಟಿದ್ದರು.

ನಾನು ಹೇಳಬಾರದ ಮಾತು ಹೇಳಿದೆ. ಇದು ನನ್ನನ್ನು ಚೆನ್ನಾಗಿ ತೋರಿಸುವುದಿಲ್ಲವಾದ್ದರಿಂದ ನಿಜವೇ ಇರಬೇಕು. ಆರು ತಾಸು ಬರೆದು ಸಹಿ ಮಾಡಿಬಿಡಿರಿ, ಯಾರಿಗೆ ಗೊತ್ತಾಗುತ್ತದೆ ಎಂದೆ. ಅವರು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಟೆಂಪರೇಚರ್ ನೋಡದ ತಖ್ತ್ಯಾಗ ಬರದ್ರ ಏನಾಕ್ಕೈತಿ?"

"ಇದು ಟೆಂಪರೇಚರ್ ಅಲ್ಲಲ್ರಿ ಸಿಸ್ಟರ್. ನನ್ನ ವರ್ಷ ಹೋಕ್ಕೈತ್ರಿ. ಅಂಗಡ್ಯಾಗ ಕುಂಡ್ರಸ್ತಾರ ನನ್ನ."

"ಹಂಗಾರ ನಾಳೆ ಗಾಡಿ ಹತ್ತು" ಎಂದರು. "ಹುಬ್ಬಳ್ಳಿ ತನಕ ಆರು ತಾಸು. ಹೋಗೂಮುಂದ ಮಾತಾಡೂಣು, ಅಲ್ಲಿ ಇಳದು ತಿರುಗಿ ಬಾ."

ಮರುದಿನ ಮಿರಜ ಜಂಕ್ಷನ್ನಿನಿಂದ ಹೊರಟೆವು. ಜನರಲ್ ಡಬ್ಬಿಯಲ್ಲ, ಅವರ ಸೀಟಿನ ತುದಿಗೆ ನಾನು ಕೂತಿದ್ದೆ. ಟಿಕೆಟ್ ನೋಡುವವನಿಗೆ ಸಿಸ್ಟರ್ ಏನೋ ಹೇಳಿ ಒಪ್ಪಿಸಿದ್ದರು. ಕುಡಚಿ ದಾಟುವವರೆಗೆ ನಾನು ಚೆನ್ನಾಗಿಯೇ ಮಾತಾಡಿದೆ. ಆಮೇಲೆ ಎದುರಿನ ಸೀಟಿಗೆ ರಾಯಬಾಗದ ಒಂದು ಮುದುಕ ಜೋಡಿ ಬಂದು ಕೂತಿತು. ಮೊಣಕಾಲು ತೋರಿಸಿಕೊಂಡು ಊರಿಗೆ ಮರಳುತ್ತಿದ್ದವರು ಹತ್ತಿದ್ದು ಮಿರಜದಲ್ಲೇ, ಜಾಗ ಹುಡುಕುತ್ತ ಬಂದದ್ದು ಅಷ್ಟು ಹೊತ್ತಿಗೆ. ಸಿಸ್ಟರನ್ನು ಗುರುತು ಹಿಡಿದ ಆ ಮುದುಕಿ ಮಾತಿಗೆ ಎಳೆದಳು. ಸಿಸ್ಟರ್ ಕನ್ನಡದಲ್ಲಿ ಆಕೆಗೂ ಫ್ರೆಂಚಿನಲ್ಲಿ ನನಗೂ ಒಟ್ಟಿಗೇ ಉತ್ತರ ಕೊಡತೊಡಗಿದರು. ನನಗೆ ಎರಡೂ ಭಾಷೆ ಕಲಸಿಹೋಯಿತು. ಮುದುಕ ನನ್ನ ಮುಖ ನೋಡಿ, "ಈ ಹುಡುಗ ಪಾಪ, ಮಾತು ಬರಂಗಿಲ್ಲೇನ್ರಿ?" ಎಂದು ಕೇಳಿದ.

"ಬರ್ತೈತ್ರಿ" ಎಂದರು ಸಿಸ್ಟರ್. "ಹೆಚ್ಚು ಬರ್ತೈತಿ. ಅದನ್ನ ಕಡಿಮಿ ಮಾಡಾಕತ್ತೇನಿ."

ಬೆಳಗಾವಿ ದಾಟಿದ ಮೇಲೆ, ಲೋಂಡಾ ಕಾಡಿನಲ್ಲಿ, ಅವರು ತಮ್ಮ ತಮ್ಮನ ಬಗ್ಗೆ ಹೇಳಿದರು. ಫ್ರೆಂಚಿನಲ್ಲೇ. ಚಿಕ್ಕವನಿದ್ದಾಗ ಸಮುದ್ರದ ದಂಡೆಯಲ್ಲಿ ಅವನನ್ನು ಕಾಯುವುದು ಇವರ ಕೆಲಸವಾಗಿತ್ತಂತೆ... ಮುಂದೆ ಏನು ಹೇಳಿದರೋ ನನಗೆ ಈಗ ನೆನಪಿಲ್ಲ. ನಾನು ಹಕೀಕತ್ತು ತೆಗೆಯುವವನಂತೆ ಕೇಳಿದೆ. ಯಾವಾಗಿನಿಂದ, ಎಲ್ಲಿ, ಆಮೇಲೆ ಏನಾಯಿತು. ಮೊದಲ ಸಲ ನಾನು ಕೇಳುವವನಾಗಿದ್ದೆ, ಅವರು ಹೇಳುವವರಾಗಿದ್ದರು. ನಾನು ಫ್ರೆಂಚ್ ಮಾತಾಡುತ್ತಿದ್ದೇನೆ ಎಂಬುದು ನನಗೆ ಮರೆತುಹೋದ ಮೊದಲ ಹೊತ್ತು ಅದು. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಹುಬ್ಬಳ್ಳಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅವರು ವಹಿ ತೆಗೆದು ಮೊಣಕಾಲಿನ ಮೇಲಿಟ್ಟು ಬರೆದು, ಸಹಿ ಮಾಡಿ, ಮಡಚಿ ನನ್ನ ಕೈಗೆ ಕೊಟ್ಟರು. ಮೂವತ್ತು ತಾಸು ಮುಗಿಯಿತು. ನಾನು ಕಾಲು ಮುಟ್ಟಿ ನಮಸ್ಕರಿಸಿದೆ. ಸಂಜೆಯ ಗಾಡಿಗೆ ಸಾಂಗಲಿಗೆ ತಿರುಗಿದೆ. ಸೋಮವಾರ ಸರ್ ವಹಿಗೆ ಸಹಿ ಹಾಕಿದರು.

ಮೌಖಿಕ ಪರೀಕ್ಷೆಗೆ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು, ಒಬ್ಬರು ಹಿರಿಯರು, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದರು. ನನಗೆ ಚೀಟಿಯಲ್ಲಿ ಬಂದ ವಿಷಯ ಫ್ರಾನ್ಸಿನ ಶಾಲೆಗಳ ವ್ಯವಸ್ಥೆ. ಶುರುಮಾಡುವ ಮುಂಚೆ ಆ ಹಿರಿಯರು, ಚಹಾ ತಗೊಳ್ಳುತ್ತೀರಾ ಎಂದು ಫ್ರೆಂಚಿನಲ್ಲಿ ಕೇಳಿದರು. ನಾನು ಎದ್ದುನಿಂತು ಕೈಮುಗಿದು, "ನೊಂ-ರಿ" ಎಂದೆ.

ಅವರು ಕನ್ನಡಕ ಕೆಳಗಿಳಿಸಿದರು. "ಅನ್ನವೇ?" ಎಂದರು ಫ್ರೆಂಚಿನಲ್ಲಿ. "ಈಗಲೇ?"

ಅಪ್ಪನ ಗಾದಿ ಕಣ್ಣಮುಂದೆ ಬಂತು. ಆದರೆ ಬಾಯಿ ನಿಲ್ಲಲಿಲ್ಲ. ಅಮ್ಮಾ, ಅದು ಅನ್ನವಲ್ಲ, ನಮ್ಮ ಭಾಷೆಯ ಒಂದು ಅಕ್ಷರ ಎಂದು ಫ್ರೆಂಚಿನಲ್ಲೇ ಶುರುಮಾಡಿದೆ. ನಿಮ್ಮಲ್ಲಿ ಮರ್ಯಾದೆ ಸರ್ವನಾಮದಲ್ಲಿ ಇದೆ, ನಮ್ಮಲ್ಲಿ ಅದು ಸಾಲದೆಂದು ಮಾತಿನ ಬಾಲಕ್ಕೂ ಕಟ್ಟುತ್ತೇವೆ. ಯಾರಿಗೆ ಹಚ್ಚುತ್ತೇವೆ, ಯಾರಿಗೆ ಇಲ್ಲ, ಗಂಡನಿಗೆ ಹಚ್ಚುವ ಹೆಂಡತಿ ದೇವರಿಗೆ ಯಾಕೆ ಹಚ್ಚುವುದಿಲ್ಲ, ಜಗಳದಲ್ಲಿ ಅದು ಮೊದಲು ಬೀಳುತ್ತದೋ ಕೊನೆಗೆ ಬೀಳುತ್ತದೋ. ಅವರು ಪ್ರಶ್ನೆ ಕೇಳಿದರು, ನಾನು ಹೇಳಿದೆ, ಇನ್ನೊಬ್ಬರು ಬರೆದುಕೊಂಡರು. ಫ್ರಾನ್ಸಿನ ಶಾಲೆಗಳ ಹತ್ತಿರ ಯಾರೂ ಬರಲಿಲ್ಲ. ಹೊರಗೆ ಬಂದಾಗ ಪದವಿ ನನ್ನದು ಎಂದು ಗೊತ್ತಿತ್ತು. ಆ ದಿನ ಎಷ್ಟು ಸಲ ರಿ ಎಂದೆನೋ, ಲೆಕ್ಕ ಇಡುವವರು ಅಲ್ಲಿರಲಿಲ್ಲ.

ಈ ಕಥೆಯನ್ನು ನಾನು ವರ್ಷವರ್ಷವೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ, ಹೀಗಾಗಿಯೇ ನನಗೆ ಅದರ ಮೇಲೆ ಅನುಮಾನ. ಬಡಿಗ ಊಟ ಮುಗಿಸಿ ಬಂದು ಬಾಟಲಿಗೆ ಮುಚ್ಚಳ ಹಾಕಿದ ಆ ಮಧ್ಯಾಹ್ನ, ಕಪಾಟಿನಿಂದ ಇಳಿಸಿಟ್ಟ ಫೈಲುಗಳಲ್ಲಿ ಹುಡುಕಿ ವಹಿಯನ್ನು ತೆಗೆದೆ. ಪದವಿಯ ಜೊತೆ ಮರಳಿ ಬಂದದ್ದು, ಅಂದಿನಿಂದ ಬಿಚ್ಚಿಯೇ ಇರಲಿಲ್ಲ.

ಕೊನೆಯ ನಮೂದು: ಮಿರಜ–ಹುಬ್ಬಳ್ಳಿ, ಐದು ತಾಸು ನಲವತ್ತು ಮಿನಿಟು. ಕೆಳಗೆ ಒಟ್ಟು: ಇಪ್ಪತ್ತೊಂಬತ್ತು ತಾಸು ನಲವತ್ತು ಮಿನಿಟು. ಅವರದೇ ಕೈ, ದುಂಡನೆಯ ಅಂಕೆಗಳು. ಅದರ ಕೆಳಗೆ ಸರ್ ಸಹಿ, ವಿಶ್ವವಿದ್ಯಾಲಯದ ಮುದ್ರೆ. ಇಪ್ಪತ್ತು ಮಿನಿಟು ಕಡಿಮೆ. ಅವರು ಮುಚ್ಚಿಟ್ಟಿರಲಿಲ್ಲ. ಎಲ್ಲರ ಕಣ್ಣಮುಂದೆ ಬರೆದಿಟ್ಟಿದ್ದರು, ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

ನಾನು ನಕ್ಕುಬಿಟ್ಟೆ. ಮನೆಯವಳು ಒಳಗಿನಿಂದ ಏನೆಂದು ಕೇಳಿದಳು. "ನನ್ನ ಡಿಗ್ರಿ ಖೋಟಾ ಐತಿ" ಎಂದೆ. "ಅದು ನನಗ ಮೊದಲ ಗೊತ್ತಿತ್ರಿ" ಎಂದಳು.

ಆದರೆ ಮನಸ್ಸು ಅಲ್ಲೇ ಹಿಡಿದುಕೊಂಡಿತು. ಗಾಡಿ ಆ ದಿನ ಇಪ್ಪತ್ತು ಮಿನಿಟು ಬೇಗ ಹೋಗಿತ್ತೇ? ಅಥವಾ ನಾನು ದಾರಿಯಲ್ಲಿ ಇಪ್ಪತ್ತು ಸಲ ರಿ ಎಂದಿದ್ದೆನೇ? ಎರಡನೆಯದಾದರೆ, ಫ್ರೆಂಚ್ ಮರೆತು ಫ್ರೆಂಚ್ ಮಾತಾಡಿದೆ ಎಂದು ಇಷ್ಟು ವರ್ಷ ನಂಬಿದ್ದ ಆ ಲೋಂಡಾ ಕಾಡಿನ ಹೊತ್ತಿನಲ್ಲೂ ಅವರು ತಮ್ಮನ ಸಂಗತಿ ಹೇಳುತ್ತ ಹೇಳುತ್ತ ಬೆರಳು ಮಡಚುತ್ತಿದ್ದರು ಎಂದಾಯಿತು. ಅವರು ಹಾಗೆ ಮಾಡಬಲ್ಲವರೇ ಆಗಿದ್ದರು.

ಸಿಸ್ಟರ್ ಮತ್ತೆ ಮಿರಜಕ್ಕೆ ಬರಲಿಲ್ಲ. ತಮ್ಮನ ಆರೈಕೆಗೆ ನಿಂತವರು ಅಲ್ಲಿಯೇ ಉಳಿದರು. ನಾಲ್ಕೈದು ವರ್ಷ ಕಾಗದ ಬರೆದುಕೊಂಡೆವು. ಬಿಟ್ಟವನು ನಾನು. ಅವರ ಕೊನೆಯ ಕಾಗದಕ್ಕೆ ಉತ್ತರ ಬರೆಯಬೇಕು ಎಂದು ಇಟ್ಟದ್ದು... ಅದು ಎಲ್ಲಿ ಹೋಯಿತೋ ಕೂಡ ಗೊತ್ತಿಲ್ಲ. ವಹಿಯ ಹಿಂಬದಿಯಲ್ಲಿ ಅವರು ಬರೆದುಕೊಟ್ಟ ಪಾಂಡಿಚೇರಿಯ ವಿಳಾಸ ಇತ್ತು. ನಾನು ಕಾಲೇಜಿನ ಕಾಗದದ ಮೇಲೆ ಎರಡು ಪುಟ ಫ್ರೆಂಚಿನಲ್ಲಿ ಬರೆದೆ. ಕ್ಷಮೆ ಕೇಳಿದೆ, ಅಜ್ಜಿ ಆಮೇಲೆ ಎಂಟು ವರ್ಷ ಕೋಲು ಊರಿ ತಿರುಗಾಡಿದ್ದನ್ನು ಹೇಳಿದೆ, ಇಪ್ಪತ್ತು ಮಿನಿಟು ಏನಾಯಿತು ಎಂದು ಕೇಳಿದೆ.

ಮೂರು ವಾರದ ಮೇಲೆ ಫೋನು ಬಂತು. ಸಿಸ್ಟರ್ ತಮ್ಮನ ಮಗಳು, ಇಂಗ್ಲಿಷಿನಲ್ಲಿ ಮಾತಾಡಿದಳು. ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡರು ಎಂದಳು. ನಾನು ಬರೆದ ಕಾಗದ ಮನೆಯಲ್ಲಿ ಯಾರಿಗೂ ಓದಲು ಬರಲಿಲ್ಲವಂತೆ. ಅಪ್ಪನ ಕಾಲಕ್ಕೇ ಫ್ರೆಂಚ್ ಮುಗಿಯಿತು, ನಮಗೆ ಯಾರಿಗೂ ಇಲ್ಲ ಎಂದಳು. ಕಾಗದದ ತಲೆಯ ಮೇಲೆ ಫ್ರೆಂಚ್ ವಿಭಾಗ ಎಂದೂ ಫೋನ್ ನಂಬರೂ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಹಚ್ಚಿದ್ದೇನೆ, ನಿಮ್ಮಿಂದ ಒಂದು ಉಪಕಾರ ಆಗಬೇಕು ಎಂದಳು. ಕೊನೆಯ ಹತ್ತು ದಿನ ಅತ್ತೆ ತಮಿಳು ಬಿಟ್ಟು ಬರೀ ಫ್ರೆಂಚ್ ಮಾತಾಡುತ್ತಿದ್ದರು. ಒಂದೇ ಮಾತನ್ನು ಮತ್ತೆಮತ್ತೆ ಹೇಳುತ್ತಿದ್ದರು. ಏನು ಬೇಕೋ ನಮಗೆ ತಿಳಿಯಲಿಲ್ಲ, ಕೊಡಲಾಗಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ. ನೀವು ಕೇಳಿ ಅರ್ಥ ಹೇಳುತ್ತೀರಾ?

ಫೋನಿಟ್ಟು ಒಂದು ಮಿನಿಟಿಗೆ ಅದು ಬಂತು. ಕಪಾಟಿನ ಮುಂದೆ ನಿಂತೇ ಕೇಳಿದೆ. ಮೊದಲು ಪಂಖೆಯ ಸದ್ದು, ಪಾತ್ರೆಯ ಸದ್ದು. ಆಮೇಲೆ ಅವರ ದನಿ, ಬಹಳ ಕ್ಷೀಣ, ಆದರೆ ಅವರದೇ.

"ಸಾವಕಾಶ ಇಳೀರಿ... ಅಂಜಬ್ಯಾಡ್ರಿ. ಕಾಲ ಕೆಳಗ ಬಿಡ್ರಿ. ನಾ ಹಿಡಕೊಂಡೇನಿ, ಇಳೀರಿ."

ಆಪರೇಶನ್ ಆದವರನ್ನು ಮೊದಲ ಸಲ ಹಾಸಿಗೆಯಿಂದ ಕೆಳಗಿಳಿಸುವಾಗ ಹೇಳುವ ಮಾತು. ಇನ್ನೇನೂ ಬೇಡಿಕೆ ಅದರಲ್ಲಿ ಇರಲಿಲ್ಲ. ನಾನು ತಿರುಗಿ ಫೋನ್ ಹಚ್ಚಿ, ಅವರು ಏನನ್ನೂ ಕೇಳುತ್ತಿರಲಿಲ್ಲ, ನೀವು ಏನನ್ನೂ ಕೊಡಬೇಕಾಗಿರಲಿಲ್ಲ ಎಂದು ಹೇಳಿದೆ. ಇದು ನಮ್ಮ ಕಡೆಯ ಪೇಶಂಟುಗಳ ಕನ್ನಡ ಎಂದು ಶಬ್ದ ಶಬ್ದ ಬಿಡಿಸಿ ಅರ್ಥ ಹೇಳಿದೆ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು ಅವರೊಬ್ಬರೇ ಇದ್ದರು, ಯಾರಿಗೆ ಹೇಳುತ್ತಿದ್ದರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಹಾಗಾದರೆ ಅದು ಫ್ರೆಂಚ್ ಅಲ್ಲವೇ ಎಂದು ಕೇಳಿದಳು.

ತಡೆಯಿರಿ ಎಂದು ಹೇಳಿ, ಪೂರ್ತಿ ಇನ್ನೊಮ್ಮೆ ಕೇಳಿದೆ, ಪಂಖೆಯ ಸದ್ದಿನಿಂದ ಕೊನೆಯವರೆಗೆ. ಎರಡು ಮಿನಿಟು ಮೇಲೆ ಕೆಲವು ಸೆಕೆಂಡು ಇತ್ತು.

"ಇಲ್ಲ, ಒಂದು ಶಬ್ದವೂ ಇಲ್ಲ" ಎಂದೆ.